ಹಾವಸೆಯ ಮೇವು

ಹೊಲಸು ತಿಂದು ನಡೆಯುವ ಹಡಗಿಗೆ ಹೊಳೆ ಸ್ವಚ್ಛವಾದಷ್ಟೂ ಹಸಿವು. ಸುಲೋಚನಾಳಿಗೆ ಇದು ಕೆಲಸಕ್ಕೆ ಸೇರಿದ ಮೊದಲ ವಾರವೇ ಗೊತ್ತಾಗಿತ್ತು. ಮನೆಯಲ್ಲಿ ಹೇಳಬೇಕೋ ಬೇಡವೋ ಎಂಬುದು ಮಾತ್ರ ನಾಲ್ಕು ವರ್ಷ ಕಳೆದರೂ ತೀರ್ಮಾನವಾಗಿರಲಿಲ್ಲ.

ಹಡಗಿನ ಹೆಸರು 'ಹಾವಸೆ', ಅಂದರೆ ಪಾಚಿ. ಅದರ ತಳಕ್ಕೆ, ನೀರಿನ ಕಡೆಗೆ, ಬೆರಳು ದಪ್ಪದ ಒಂದು ಪದರವಿತ್ತು. ಮುಟ್ಟಿದರೆ ಬಾವಿಯ ಮೆಟ್ಟಿಲ ಪಾಚಿಯಂತೆ ಜಾರುತ್ತಿತ್ತು. ಅದರಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಾಣುಗಳು ಮನೆ ಮಾಡಿದ್ದವು. ಊರುಗಳ ಬಚ್ಚಲ ನೀರು, ಹೊಲದಿಂದ ತೊಳೆದು ಬಂದ ಗೊಬ್ಬರ, ದನದ ಮೈ ತೊಳೆದ ನೀರು, ಹೀಗೆ ಹೊಳೆಗೆ ಬಂದು ಸೇರಿದ್ದನ್ನೆಲ್ಲ ಅವು ತಿನ್ನುತ್ತಿದ್ದವು. ತಿಂದು ಚೂರು ಚೂರೇ ವಿದ್ಯುತ್ತು ಬಿಡುತ್ತಿದ್ದವು. ಪದರದೊಳಗೆ ಹಾಸಿದ ಕೂದಲೆಳೆಯಂಥ ಇಂಗಾಲದ ತಂತಿಗಳು ಅದನ್ನು ಹೀರಿಕೊಂಡು, ಮೀನಿನ ಬಾಲದ ಹಾಗೆ ಆಡುವ ಎರಡು ಹುಟ್ಟುಗಳಿಗೆ ಕೊಡುತ್ತಿದ್ದವು. ಸದ್ದಿಲ್ಲ, ಹೊಗೆಯಿಲ್ಲ, ಹಿಂದೆ ಏಳುವ ಅಲೆಯೂ ಇಲ್ಲ. ಹಡಗು ಹಾದುಹೋದಲ್ಲಿ ನೀರಿನ ಮೇಲೆ ಒಂದು ತೊಳೆದ ಪಟ್ಟೆ ಮಾತ್ರ ಉಳಿಯುತ್ತಿತ್ತು.

ಸುಲೋಚನಾಳ ಕೆಲಸ ಆ ಹಡಗಿಗೆ ಮೇವಿನ ನಕ್ಷೆ ಹಾಕುವುದು. ಯಾವ ಊರಿನ ಚರಂಡಿ ಎಲ್ಲಿ ಬಂದು ಕೂಡುತ್ತದೆ, ಯಾವ ವಾರ ಯಾರು ಬಟ್ಟೆ ಒಗೆಯುತ್ತಾರೆ, ಅಮಾವಾಸ್ಯೆಯ ಮುಂಜಾನೆ ಎಷ್ಟು ದನ ನೀರಿಗಿಳಿಯುತ್ತವೆ, ಎಲ್ಲವೂ ಅವಳ ನಕ್ಷೆಯಲ್ಲಿತ್ತು. ಹಡಗು ಬಳುಕಿ ಬಳುಕಿ ಸಾಗುವುದು ಚೆಂದದ ನೋಟ ತೋರಿಸಲಿಕ್ಕೆ ಎಂದು ಪ್ರವಾಸಿಗಳು ತಿಳಿದಿದ್ದರು. ನಿಜದಲ್ಲಿ ಅದು ಎಮ್ಮೆ ಮೇಯುವ ಹಾಗೆ ಚರಂಡಿಯಿಂದ ಚರಂಡಿಗೆ ಹೋಗುತ್ತಿತ್ತು.

ಹೊಳೆಕಟ್ಟಿಯ ಹಳೆಯ ಪಂಪ್‌ಹೌಸೇ ನಿಯಂತ್ರಣ ಕೊಠಡಿ. ಅಲ್ಲಿ ನಾಲ್ಕು ಪರದೆ, ಒಂದು ದಾಖಲೆ ಪುಸ್ತಕ, ಗೋಡೆಗೊಂದು ಕರಿಹಲಗೆ. ಹಲಗೆಯ ಮೇಲೆ 'ಕೊಳೆ ಬಿಡದ ದಿನಗಳು' ಎಂದು ಬರೆದು ಕೆಳಗೆ ಒಂದು ಸಂಖ್ಯೆ. ಊರಿನ ಶುದ್ಧೀಕರಣ ಹೊಂಡದಿಂದ ಅರೆಬರೆ ಶುದ್ಧವಾದ ನೀರನ್ನು ಹೊಳೆಗೆ ಬಿಡದೆ ಎಷ್ಟು ದಿನವಾಯಿತು ಎಂಬ ಲೆಕ್ಕ ಅದು. ಅವಳ ಮೇಲಧಿಕಾರಿ ನದಾಫ್ ಸರ್ ದಿನಾ ಮುಂಜಾನೆ ಬಂದವರೇ ಚಹಾ ಕುಡಿಯುವ ಮೊದಲು ಹಳೆಯ ಸಂಖ್ಯೆ ಒರೆಸಿ, ಒಂದು ಕೂಡಿಸಿ ಬರೆಯುತ್ತಿದ್ದರು. ಹಿಂದೆ ಸಂಜೆ ಕಾಲೇಜಿನಲ್ಲಿ ಅವಳಿಗೆ ರಸಾಯನಶಾಸ್ತ್ರ ಕಲಿಸಿದವರೂ ಅವರೇ. ಆಗ ಅವಳು ಹಗಲೆಲ್ಲ ಅತ್ತೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ, ಸಂಜೆ ಬೆರಳಿಗಂಟಿದ ಬಣ್ಣದ ಸಮೇತ ತರಗತಿಗೆ ಓಡುತ್ತಿದ್ದಳು.

ಅತ್ತೆ ಸಾವಂತ್ರವ್ವ ಐವತ್ತು ವರ್ಷ ಕುಪ್ಪಸದ ಖಣ ನೇಯ್ದವರು. ಈಗ ಅವರ ಕಣ್ಣಿನ ಒಳಪರದೆ ಸವೆಯುತ್ತಿತ್ತು. ಯುಗಾದಿಯ ಹೊತ್ತಿಗೆ ಉಳಿದದ್ದೂ ಹೋಗುತ್ತದೆ, ಔಷಧದಿಂದ ತುಸು ತಡೆಯಬಹುದು ಅಷ್ಟೆ ಎಂದು ಡಾಕ್ಟರು ಹೇಳಿದ್ದರು. ಈಗಲೂ ಒಳ್ಳೆಯ ಬಿಸಿಲಿದ್ದರಷ್ಟೇ ಅವರಿಗೆ ಬಣ್ಣ ಕಾಣುವುದು. ನಾಲ್ಕು ಗಂಟೆ ದಾಟಿತೆಂದರೆ ಜಗತ್ತೆಲ್ಲ ಗಂಜಿ ಹಾಕಿದ ಬಟ್ಟೆಯಂತೆ ಆಗಿಬಿಡುತ್ತಿತ್ತು.

ಅವರು ಅತ್ತವರಲ್ಲ. ಒಂದೇ ಒಂದು ಕೇಳಿದರು.

"ಹಿರೇಹೊಳಿ, ಕೆಂಪಹೊಳಿ ಕೂಡೂದು ನೀರಿನ ನಟ್ಟನಡುವ ನಿಂತು ನೋಡಬೇಕು. ದಂಡಿಗೆ ಹೋಗಿ ನೂರು ಸಲ ಜಳಕಾ ಮಾಡೀನಿ, ಅಲ್ಲಿಂದ ಬರೇ ಕೆಂಪ ಕಾಣತೈತಿ. ಎರಡೂ ಬಣ್ಣ ಬಾಜೂಕ ಬಾಜೂಕ ಕೂಡದ ಹರೀತಾವಂತ, ನಡುವ ಗೆರಿ ಕೊರದಂಗ. ನಿಮ್ಮ ಮಾವ ಖಣದ ಗಂಟ ಹೊತಗೊಂಡು ದೋಣ್ಯಾಗ ಹೋಗೂವಾಗೆಲ್ಲಾ ನೋಡ್ಯಾರ. ಬಂದು ನನ್ನ ಮುಂದ ಹೇಳತಿದ್ರು. ನಾ ಮಗ್ಗದ ಕುಣ್ಯಾಗ ಕುಂತು ಕೇಳತಿದ್ದೆ."

ಹಾಗಾಗಿ ಒಂದು ರವಿವಾರ ಮಧ್ಯಾಹ್ನ ಸುಲೋಚನಾಳ ಗಂಡ ಗುರಸಿದ್ಧ ಮೂರು ಹಡಗುಗಳ ಮಾಹಿತಿ ಪತ್ರ ತಂದು ಮಗ್ಗದ ಮುಂದೆ ಹರಡಿದ. ಅವನು ಬಸ್ಸುಗಳ ಬ್ಯಾಟರಿ ರಿಪೇರಿಯವನು. ಯಂತ್ರ ಎಂದರೆ ಬಾಯಿ ಚಪ್ಪರಿಸುವವನು.

"ಇದು 'ಸೂರ್ಯಪಕ್ಷಿ' ನೋಡಬೇ. ಎಂಬತ್ತು ಮಂದಿ ಹಿಡೀತಾರ, ಚಾವಣಿ ತುಂಬ ಸೌರಫಲಕ. ತಳಾ ಗಾಜಿಂದು. ಕುಂತಲ್ಲೇ ಕಾಲಾಗ ಮೀನ ಕಾಣತಾವ."

"ಮೀನಿಗೆ ನಾ ಕಾಣೂದಿಲ್ಲೇನೋ? ಸೀರಿ ಬಿಗಿಹಿಡಕೊಂಡು ಕೂಡ್ರಬೇಕಾ ಹಾದಿಯುದ್ದಕ್ಕ?"

ಗುರಸಿದ್ಧ ನಗು ತಡೆಯಲಾರದೆ ಎರಡನೆಯ ಪತ್ರ ಎತ್ತಿಕೊಂಡ. ಅದು ಗಾಳಿಪಟದ ಹಡಗು. ಚಿತ್ರವೇನೋ ಕನಸಿನಂತಿತ್ತು, ಆದರೆ ಬೇಕಾದ ಗಾಳಿ ಬೀಸುವುದು ಆಷಾಢದಲ್ಲಿ, ಆಗ ಹೊಳೆ ಉಕ್ಕಿ ಯಾರನ್ನೂ ಒಳಗೆ ಬಿಡುವುದಿಲ್ಲ. 'ಸೂರ್ಯಪಕ್ಷಿ'ಗೂ ಎರಡು ಹೊಳೆ ಸೇರುವ ಕೂಡಲದವರೆಗೆ ಪರವಾನಗಿ ಇರಲಿಲ್ಲ; ಅದರ ಅಲೆಗೆ ನಡುಗಡ್ಡೆಯ ಹಕ್ಕಿಗೂಡು ಕೊಚ್ಚಿಹೋಗುತ್ತವೆಂದು ಎರಡು ತಿರುವು ಮೊದಲೇ ಹಿಂದಿರುಗಿಸುತ್ತಿದ್ದರು. ಅಲ್ಲಿಯವರೆಗೆ ಹೋಗುವುದು ಅಲೆ ಎಬ್ಬಿಸದ 'ಹಾವಸೆ' ಮಾತ್ರ. ಹನ್ನೆರಡು ಜನ, ವಾರಕ್ಕೊಂದು ಸಲ.

"ನಿನ್ನ ಹಡಗ ಬಗ್ಗೆ ನೀ ಏನೂ ಹೇಳವಲ್ಲಿ?" ಎಂದು ಸಾವಂತ್ರವ್ವ ಸೊಸೆಯ ಕಡೆ ತಿರುಗಿದರು.

"ಸಾವಕಾಶ ಹೋಗತೈತ್ರೀ ಅತ್ತಿ" ಎಂದಳು ಸುಲೋಚನಾ. ಇನ್ನೂ ಹೇಳುವುದಿತ್ತು.

"ನಾನೇನ ಜಿಂಕಿಯಂಗ ಓಡಾಕಿ ಏನು? ಅದರಾಗ ಹೋಗೂಣು."

ಹಡಗು ಆರಿಸಿದ ಮೇಲೆ ದಿನ ಆರಿಸುವುದು. ದಸರೆಗೆ ಮೊದಲು ಎರಡೂ ಹೊಳೆ ಕೆಸರು. ದೀಪಾವಳಿ ದಾಟಿದರೆ ಕೆಂಪಹೊಳೆಯ ಮಣ್ಣು ತಳಕ್ಕಿಳಿದು ಕೆಂಪೇ ಉಳಿಯುವುದಿಲ್ಲ. ನಡುವೆ ಹದಿನೈದು ದಿನ ಮಾತ್ರ ಒಂದು ಕೆಂಪು, ಇನ್ನೊಂದು ಹೆಸರುಕಾಳಿನಂಥ ಗಾಢ ಹಸಿರು. ಆ ಹದಿನೈದು ದಿನದಲ್ಲಿ ಒಂದು ಶುಕ್ರವಾರಕ್ಕೆ ಎರಡು ಜಾಗ ಸಿಕ್ಕವು. ಸುಲೋಚನಾ ಮೂರು ವಾರ ಅದನ್ನೇ ಉಂಡು ಅದನ್ನೇ ಉಟ್ಟಳು. ಅತ್ತೆಗೆ ಎಡಗಡೆಯ ಕುರ್ಚಿ, ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬೀಳಬೇಕು, ಕಣ್ಣಿಗಲ್ಲ. ಕಣ್ಣಿನ ಹನಿ ಹತ್ತಕ್ಕೊಮ್ಮೆ, ಎರಡಕ್ಕೊಮ್ಮೆ. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಏಳಕ್ಕೆ ಹೊರಟರೆ ಮೂರಕ್ಕೆ ಕೂಡಲ. ಅತ್ತೆಯ ಕಣ್ಣಿಗೆ ಒಂದು ತಾಸಿನ ಬೆಳಕು ಉಳಿಯುತ್ತದೆ. ಮೇವಿನ ಲೆಕ್ಕವನ್ನು ಮೂರು ಸಲ ಮಾಡಿದಳು, ಮೂರು ಸಲವೂ ಸರಿಬಂತು. ಸರಿಬಂದದ್ದಕ್ಕೇ ಹೆದರಿ ನಾಲ್ಕನೆಯ ಸಲ ಮಾಡಿದಳು.

ನಕ್ಷೆ ಹಾಕಿದವರು ಯಾನದ ದಿನ ಕೊಠಡಿಯಲ್ಲೇ ಇರಬೇಕೆಂಬುದು ನಿಯಮ. ಹಾಗಾಗಿ ಅತ್ತೆಯ ಜೊತೆ ಗುರಸಿದ್ಧ ಹೋದ. ಸುಲೋಚನಾ ಪರದೆಯ ಮೇಲೆ ಹಸಿರು ಚುಕ್ಕೆಯೊಂದು ಹೊಳೆಕಟ್ಟಿಯ ದಂಡೆ ಬಿಡುವುದನ್ನು ನೋಡುತ್ತ ಕುಳಿತಳು.

ಹತ್ತು ಗಂಟೆಗೆ ಫೋನು ಬಂತು.

"ಸುಲೂ, ಹಡಗ ನಡದದ್ದ ತಿಳಿಯವಲ್ದು. ನಾವ್ ಇದ್ದಲ್ಲೆ ಅದೀವಿ, ದಂಡೀನ ಹಿಂದಕ ಹೊಂಟೈತಿ. ಗಿಡಾ, ಗುಡಿ, ನೀರಿಗೆ ಇಳದ ಎಮ್ಮಿ, ಎಲ್ಲಾ ಯಾರೋ ಹಗೂರಕ ಸುತ್ತಿ ಇಡಾಕತ್ತಾರ ನೋಡು, ನೇಯ್ದ ಬಟ್ಟಿ ಸುತ್ತಿದಂಗ. ಒಂದು ಮಿಂಚುಳ್ಳಿ ನನ್ನ ಕುರ್ಚಿ ತೋಳಿನ ಮ್ಯಾಲೆ ಬಂದು ಕುಂತಿತ್ತು. ನನಗ ಹೆದರಲಿಲ್ಲ ಅದು. ಹಡಗಂತ ಅದಕ್ಕ ಗೊತ್ತ ಆಗಿಲ್ಲ ಅನಸ್ತೈತಿ."

ಅತ್ತೆಯ ದನಿ ನಿದ್ದೆಯ ಅಂಚಿನಲ್ಲಿರುವವರ ದನಿಯಂತಿತ್ತು. ಸುಲೋಚನಾಳ ಕಿವಿಗೆ ಹುಟ್ಟು ಆಡುವ ಸದ್ದು ಕೂಡ ಕೇಳಲಿಲ್ಲ. ನೀರು ನೀರಿಗೆ ತಾಕುವ ಒಂದು ಪಿಸುಗುಟ್ಟುವಿಕೆ, ದೂರದಲ್ಲಿ ಯಾರೋ ಯಾರನ್ನೋ ಕರೆಯುವುದು, ಅಷ್ಟೆ. ಅವಳಿಗೂ ಕಣ್ಣು ಮುಚ್ಚಿ ಬಂತು. ಜಗತ್ತು ಹೀಗೇ ಇದ್ದುಬಿಟ್ಟರೆ ಎಂದು ಒಂದು ಗಳಿಗೆ ಅನ್ನಿಸಿತು.

ಹನ್ನೆರಡೂವರೆಗೆ ಹಸಿರು ಚುಕ್ಕೆ ನಿಧಾನವಾಯಿತು. ಕಾವಲಗೇರಿಯ ಚರಂಡಿಯ ಬಳಿ ಹಡಗಿಗೆ ಒಳ್ಳೆಯ ಮೇವು ಸಿಗಬೇಕಿತ್ತು. ಸಿಗಲಿಲ್ಲ. ಮುಂದಿನ ಊರಿನಲ್ಲೂ ಇಲ್ಲ. ಅದರಾಚೆಯದರಲ್ಲೂ ಇಲ್ಲ. ಅವಳು ಕಾವಲಗೇರಿಯ ಪಂಚಾಯಿತಿಗೆ ಫೋನು ಹಚ್ಚಿದಳು.

ಕಾರ್ಯದರ್ಶಿಯ ದನಿಯಲ್ಲಿ ಹೆಮ್ಮೆ ತುಂಬಿತ್ತು. "ನಿನ್ನೆ ಡಂಗುರಾ ಸಾರೀವ್ರಿ ಬಾಯಾರ! ದೂರದ ಮಂದಿ ಹೊಳಿ ನೋಡಾಕ ಬರತಾರ, ನಮ್ಮೂರ ಮಾನದ ಪ್ರಶ್ನಿ ಅಂತ. ಚರಂಡಿ ಬಾಳಿತೋಟಕ್ಕ ತಿರುವೀವಿ. ಯಾರೂ ಬಟ್ಟಿ ಒಗದಿಲ್ಲ, ದನಾ ಇಳಿಸಿಲ್ಲ. ನಮ್ಮನ್ನ ನೋಡಿ ಬಾಜೂ ಎರಡೂ ಊರಾಗೂ ಸಾರ್ಯಾರಂತ. ಹ್ಯಾಂಗೈತ್ರಿ ನೀರು? ಕನ್ನಡಿ ಹಂಗ ಐತೇನ್ರಿ?"

"ಐತ್ರಿ" ಎಂದಳು ಸುಲೋಚನಾ. "ಭಾಳ ಚೊಲೋ ಐತ್ರಿ."

ಬರುವ ಅತಿಥಿಗಾಗಿ ಅಂಗಳ ಗುಡಿಸಿದ ಹಾಗೆ ಮೂರು ಊರಿನವರು ಹೊಳೆ ಗುಡಿಸಿಟ್ಟಿದ್ದರು. ಹಡಗು ಆ ಕನ್ನಡಿಯ ಮೇಲೆ ಉಪವಾಸ ಕೂತಿತ್ತು.

ಇನ್ನೂ ಒಂಬತ್ತು ಕಿಲೋಮೀಟರು. ಈ ನಡಿಗೆಯಲ್ಲಿ ಕೂಡಲ ಸೇರುವುದು ಆರಕ್ಕೆ. ಆ ಹೊತ್ತಿಗೆ ಅತ್ತೆಗೆ ಕೆಂಪೂ ಒಂದೇ, ಹಸಿರೂ ಒಂದೇ. ಮುಂದಿನ ಶುಕ್ರವಾರ ಜಾಗವಿಲ್ಲ. ಅದರ ಮುಂದಿನ ಶುಕ್ರವಾರಕ್ಕೆ ಕೆಂಪೇ ಇರುವುದಿಲ್ಲ. ಮುಂದಿನ ವರ್ಷಕ್ಕೆ ಕಣ್ಣಿರುವುದಿಲ್ಲ.

ಪರದೆಯ ಮೂಲೆಯಲ್ಲಿ 'ತುರ್ತು ಮೇವು' ಎಂಬ ಗುಂಡಿ ಇತ್ತು. ಶುದ್ಧೀಕರಣ ಹೊಂಡದಿಂದ ಕೂಡಲದವರೆಗೆ ದಂಡೆಗುಂಟ ಒಂದು ಕೊಳವೆ ಹೋಗಿತ್ತು, ಕಿಲೋಮೀಟರಿಗೊಂದು ಬಾಯಿ. ಗುಂಡಿ ಒತ್ತಿದರೆ ನಲವತ್ತು ನಿಮಿಷ ಆ ಬಾಯಿಗಳಿಂದೆಲ್ಲ ಅರೆ ಶುದ್ಧವಾದ ಚರಂಡಿ ನೀರು ಹೊಳೆಗೆ ಬೀಳುತ್ತದೆ. ಹಡಗಿನಲ್ಲಿರುವವರ ಜೀವಕ್ಕೆ ಅಪಾಯ ಬಂದಾಗ ಮಾತ್ರ ಬಳಸಲಿಕ್ಕೆ ಇಟ್ಟದ್ದು.

ನದಾಫ್ ಸರ್ ನಮಾಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವರು ಪರದೆ ನೋಡಿ ನಿಂತರು. ಅವಳ ಮುಖವನ್ನೂ ನೋಡಿದರು. ಹಡಗಿನಲ್ಲಿ ಯಾರಿದ್ದಾರೆಂದು ಅವರಿಗೆ ಗೊತ್ತಿತ್ತು.

"ಹೋಗಿ ಬರತೀನಿ" ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. "ನಾ ಬರೂದ್ರಾಗ ಏನರ ಮಾಡಿದ್ರ ಪುಸ್ತಕದಾಗ ಬರದಿಡು. ಬರೀಲಿಕ್ಕೆ ಆಗಲಾರದ್ದ ಮಾತ್ರ ಮಾಡಬ್ಯಾಡ."

ಅವರು ಹೋದ ಮೇಲೆ ಫೋನು ಮತ್ತೆ ಗುನುಗಿತು.

"ಯಾಕ ನಿಂತೈತಿ ಸುಲೂ? ನಾವೆಲ್ಲಾ ಉಂಡಿವಿ, ಹಡಗ ಉಂಡಿಲ್ಲೇನು?"

ಅತ್ತೆ ಚೇಷ್ಟೆಗೆ ಕೇಳಿದ್ದು. ಸುಲೋಚನಾಳಿಗೆ ತಡೆಯಲಾಗಲಿಲ್ಲ. ನಾಲ್ಕು ವರ್ಷ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹಡಗು ಹೊಲಸು ತಿನ್ನುವುದು, ಇವತ್ತು ಹೊಲಸೇ ಇಲ್ಲದ್ದು, ಡಂಗುರ, ಬಾಳೆತೋಟ. ಆ ಕಡೆ ಕೆಮ್ಮು ಬರುವವರೆಗೆ ನಗು.

"ಅಯ್ಯ ನಿನ್ನ! ಮುಂಜಾನಿಂದ ಬಚ್ಚಲಾ ನೆಕ್ಕೂದರ ಬೆನ್ನ ಮ್ಯಾಲೆ ಕುಂತು ನಾ ರೊಟ್ಟಿ ತಿಂದ್ನೇನ? ಗುರಸಿದ್ಧಾ, ಕೇಳಿದೇನೋ, ನಿನ್ನ ಹೆಂಡ್ತಿ ನನ್ನ ಎಂಥಾದ್ದರ ಮ್ಯಾಲೆ ಕೂಡ್ರಿಸ್ಯಾಳ!" ನಗು ಇಳಿದ ಮೇಲೆ ಕೇಳಿದರು, "ಗಂಟಿ ಎಷ್ಟಾತು?"

"ಒಂದೂ ಇಪ್ಪತ್ತು ರೀ."

"ನಾಕರೊಳಗ ಮುಟ್ಟತೀವೇನು?"

ಸುಲೋಚನಾ ಪರದೆಯ ಮೇಲೆ ಉಳಿದ ಕಿಲೋಮೀಟರುಗಳನ್ನು ಮತ್ತೊಮ್ಮೆ ಎಣಿಸಿದಳು.

"ಇರಲಿ ಬಿಡು. ಇನ್ನೂ ಬಿಸಲೈತಿ. ಇಲ್ಲೂ ಚೊಲೋ ಐತಿ" ಎಂದರು ಸಾವಂತ್ರವ್ವ. ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿ, ಫೋನಿಟ್ಟರು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಎದ್ದು ಗೋಡೆಯ ಹಲಗೆ ನೋಡಿದಳು, ಇನ್ನೂರ ಹನ್ನೊಂದು. ಕುಳಿತಳು. ದಾಖಲೆ ಪುಸ್ತಕ ಎಳೆದುಕೊಂಡು ಸಮಯ ಬರೆದಳು, ಒಂದು ಇಪ್ಪತ್ತೇಳು. ಕಾರಣ ಎಂಬ ಅಂಕಣದಲ್ಲಿ ಮೂರು ಅಚ್ಚಾಗಿದ್ದವು: ಪ್ರಾಣಾಪಾಯ, ಹಡಗಿಗೆ ಹಾನಿ, ಇತರೆ. ಮೊದಲನೆಯದಕ್ಕೆ ಗುರುತು ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು 'ಇತರೆ'ಯ ಮುಂದೆ, ಸಣ್ಣ ಅಕ್ಷರದಲ್ಲಿ, 'ನಮ್ಮ ಅತ್ತೆಯವರಿಗೆ ಕೂಡಲ ಕಾಣಬೇಕು' ಎಂದು ಬರೆದಳು. ಬರೆದದ್ದನ್ನು ಓದಿ ಕಿವಿ ಬಿಸಿಯಾಯಿತು. ಆಮೇಲೆ ಗುಂಡಿ ಒತ್ತಿದಳು.

ಹದಿನೈದು ನಿಮಿಷಕ್ಕೆ ಚುಕ್ಕೆ ಅಲುಗಿತು. ಅರ್ಧ ತಾಸಿಗೆ ಓಡತೊಡಗಿತು.

ಮೂರೂ ಮುವ್ವತ್ತೈದಕ್ಕೆ ಫೋನು. ಗುರಸಿದ್ಧ ಅದನ್ನು ಅವ್ವನ ಬಾಯಿಯ ಹತ್ತಿರ ಹಿಡಿದಿರಬೇಕು. ಅವರ ಉಸಿರು ಕೇಳುತ್ತಿತ್ತು.

"ಹ್ಯಾಂಗ ಕಾಣತೈತ್ರೀ ಅತ್ತಿ?"

"ತಡಿ... ಗೆರಿ ಐತಿ ಸುಲೂ. ನಿಮ್ಮ ಮಾವ ಸುಳ್ಳ ಹೇಳಿಲ್ಲ. ನೆಟ್ಟಗಿಲ್ಲ, ಹಾವು ಹರದಂಗ ಐತಿ. ಈ ಬದಿ ಕೆಂಪು. ಆ ಬದಿ..." ಸಾವಂತ್ರವ್ವ ಹುಡುಕಿದರು. "ಆ ಬದಿ ಬೂದಿ. ಬರೇ ಬೂದಿ ಅಲ್ಲ. ಒಲಿ ಆರಿದ ಮ್ಯಾಲೂ ಒಳಗ ಕೆಂಡ ಇರತೈತಲ್ಲ, ಅಂಥಾ ಬೂದಿ. ಬಿಸಲ ಬಿದ್ದಲ್ಲೆ ಬೆಳ್ಳಿ. ಕೆಂಪು ಅದರೊಳಗ ಬೆರಳ ಚಾಚತೈತಿ, ಅದು ಹಿಂದ ಸರೀತೈತಿ. ಎಂಥಾ ಜೋಡಿ!"

ಸುಲೋಚನಾ ಹಣೆಯನ್ನು ಮೇಜಿಗೆ ಹಚ್ಚಿಕೊಂಡಳು. ಹಿರೇಹೊಳೆ ಈ ಹದಿನೈದು ದಿನ ಹೆಸರುಕಾಳಿನ ಹಸಿರು. ಬೂದಿ ಎಂಬುದು ಅವಳು ಬಿಟ್ಟದ್ದು.

"ಕೇಳಾಕತ್ತೀಯೇನು?"

"ಕೇಳಾಕತ್ತೀನ್ರಿ. ಹೇಳ್ರಿ."

ಬೆಳಕಿರುವವರೆಗೆ ಅತ್ತೆ ಹೇಳುತ್ತಲೇ ಇದ್ದರು.

ನಮಾಜು ಮುಗಿದು ಬಹಳ ಹೊತ್ತಾದ ಮೇಲೆ ನದಾಫ್ ಸರ್ ತಿರುಗಿ ಬಂದು ಪುಸ್ತಕ ಓದಿದರು. ಎರಡನೆಯ ಸಲವೂ ಓದಿದರು. ಹಲಗೆಯ ಮುಂದೆ ಹೋಗಿ ಇನ್ನೂರ ಹನ್ನೊಂದನ್ನು ಅಂಗೈಯಿಂದಲೇ ಒರೆಸಿ ಸೊನ್ನೆ ಬರೆದರು. ಅಂಗೈಗಂಟಿದ ಸೀಮೆಸುಣ್ಣ ಝಾಡಿಸುತ್ತ ಕೇಳಿದರು:

"ಕಾಣ್ತೇನು ಅವರಿಗೆ?"

"ಕಾಣ್ತು ಸರ್."

"ನಾಳೆಯಿಂದ ಹಲಗಿ ನೀನ ಬರಿ" ಎಂದರು.

ಮರುದಿನ ಸುಲೋಚನಾ ಮೂರು ಊರಿಗೂ ತಾನೇ ಹೋದಳು. ಎರಡು ದಿನ ಹೊಳೆಯ ನೀರು ಕುಡಿಯಬೇಡಿ ಎಂದು ಮನೆಮನೆಗೆ ಹೇಳಬೇಕಿತ್ತು. ಕಾವಲಗೇರಿಯ ದಂಡೆಯಲ್ಲಿ ಒಬ್ಬ ಮುದುಕಿ ಬಟ್ಟೆಯ ಗಂಟಿನ ಮೇಲೆ ಕುಳಿತು ಬೂದಿಯಾದ ನೀರನ್ನೇ ನೋಡುತ್ತಿದ್ದಳು.

"ನಿನ್ನೆ ನಾವ್ ದನಾ ಸೈತ ಇಳಸಲಿಲ್ಲವ್ವ, ಮಂದಿ ಬರತಾರಂತ" ಎಂದಳು. "ಯಾರವ್ವ ಇದನ್ನ ಬಿಟ್ಟವರು?"

"ನಾನ ರೀ" ಎಂದಳು ಸುಲೋಚನಾ.

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಗಂಟು ಹೊತ್ತು ಮನೆ ಕಡೆ ನಡೆದಳು.

ಇತ್ತ ಮನೆಯಲ್ಲಿ ಸಾವಂತ್ರವ್ವ ಬಣ್ಣಗಾರನನ್ನು ಕರೆಸಿ ನೂಲಿಗೆ ಬೂದಿ ಬಣ್ಣ ಹಾಕಿಸಿದರು. ಮೂರು ಸಲ ವಾಪಸು ಕಳಿಸಿದರು, ಸತ್ತ ಬೂದಿ ಎಂದು. ನಾಲ್ಕನೆಯದು ಒಪ್ಪಿಗೆಯಾಯಿತು. ಉದ್ದೆಳೆಯ ಹಾಸಿಗೆ ಕೆಂಪು, ಅಡ್ಡೆಳೆಯ ಹೊಕ್ಕಿಗೆ ಬೂದಿ. ದಿನಾ ನಡುಮಧ್ಯಾಹ್ನ ಕಿಟಕಿಯ ಬಿಸಿಲು ಮಗ್ಗದ ಮೇಲೆ ಬೀಳುವ ಎರಡು ತಾಸು ಮಾತ್ರ ನೇಯುತ್ತಿದ್ದರು. ಅರ್ಧ ಕಣ್ಣಿನಲ್ಲಿ, ಅರ್ಧ ಬೆರಳಲ್ಲಿ. ಸುಲೋಚನಾ ಕಂಡಿಕೆ ಸುತ್ತಿಕೊಡುತ್ತಿದ್ದಳು. ಆ ನೂಲು ಮುಟ್ಟುವಾಗೆಲ್ಲ ಕೈ ತೊಳೆಯಬೇಕೆನಿಸುತ್ತಿತ್ತು.

ಸಂಕ್ರಾಂತಿಗೆ ಮೊದಲು ಖಣ ಮಗ್ಗದಿಂದ ಇಳಿಯಿತು. ಸಾವಂತ್ರವ್ವ ಅದನ್ನು ಮಡಚಿ ಸೊಸೆಯ ಮಡಿಲಿಗಿಟ್ಟರು.

"ಕುಪ್ಪಸಾ ಹೊಲಿಸ್ಕೊ. ನೀ ಕೂಡಲಾ ನೋಡಿಲ್ಲಲ್ಲ, ಇದನ್ನ ನೋಡು."

ಸುಲೋಚನಾ ಅದನ್ನು ತೆರೆಯಲಿಲ್ಲ. "ಅತ್ತಿ, ಇದು ಹೊಳೀ ಬಣ್ಣ ಅಲ್ರಿ. ಅವತ್ತ ನಾ ಗುಂಡಿ ಒತ್ತಿ ಚರಂಡಿ ನೀರು ಬಿಟ್ಟೆ. ಅದರ ಬಣ್ಣ."

"ಗೊತ್ತೈತಿ."

"ಅವರು ಹೇಳಿದರೇನ್ರಿ?"

"ಗುರಸಿದ್ಧ ಏನ ಹೇಳತಾನ, ಮೂಗಿಗೆ ಅರಿವಿ ಹಿಡಕೊಂಡು ಮಾರಿ ಆ ಕಡೆ ಮಾಡಿ ನಿಂತಿದ್ದ. ನನಗ ಕಣ್ಣಷ್ಟ ಹೋಗ್ಯಾವ, ಮೂಗು ಇಲ್ಲೇ ಐತಿ. ಕೂಡಲದ ನಡುವ ನಮ್ಮೂರ ಬಚ್ಚಲದ ವಾಸನಿ ಬಂತು. ಸುಲೂನ ಮಾಡ್ಯಾಳ ಅಂದ್ಕೊಂಡೆ."

"ಮತ್ತ ಏನೂ ಅನಲಿಲ್ರಿ?"

"ಏನನ್ಲಿ? ಅಳೂ ದನ್ಯಾಗ 'ಹ್ಯಾಂಗ ಕಾಣತೈತ್ರಿ' ಅಂದಿ. ನಾ ಕಂಡಷ್ಟ ಹೇಳಿದೆ. ಕಂಡಷ್ಟ ನೇಯ್ದೆ."

"ಹಸರ ಇರಬೇಕಿತ್ರಿ ಅದು" ಎಂದಳು ಸುಲೋಚನಾ.

"ಹೂಂ. ಇನ್ನ ಆ ಹಸರ ನೀ ನೋಡಿ ಬಂದು ನನಗ ಹೇಳಬೇಕು. ನಿನಗ ಹೇಳಾಕ ಎಲ್ಲಿ ಬರತೈತಿ? ಕೆಂಪಂದ್ರ ಕೆಂಪು, ಹಸರಂದ್ರ ಹಸರು ಅಂತಿ." ಸಾವಂತ್ರವ್ವ ಗೋಡೆಗೊರಗಿ ಕಾಲು ಚಾಚಿದರು. "ಕಿಟಕಿಗೆ ಹೋಗು. ಬಿಚ್ಚಿ ಹಿಡಿ. ಯಾವ ಕೆಂಪು ಅದು?"

ಸುಲೋಚನಾ ಕಣ್ಣೊರೆಸಿಕೊಂಡು ಕಿಟಕಿಗೆ ಹೋಗಿ ಖಣ ಬಿಚ್ಚಿದಳು. ಬಿಸಿಲಿನಲ್ಲಿ ಬಟ್ಟೆ ಅಲುಗಿದಾಗ ಬೂದಿಯ ಕೆಳಗಿನಿಂದ ಕೆಂಪು ಎದ್ದು, ಮತ್ತೆ ಮುಳುಗಿತು. ಬಹಳ ಹೊತ್ತು ನೋಡಿದಳು.

"ಮೆಣಸಿನಕಾಯಿ ಕೆಂಪ ರೀ. ಒಣಗಿದ್ದಲ್ಲ. ಮಾಳಿಗಿ ಮ್ಯಾಲೆ ಹಾಕಿದ ಮೊದಲನೇ ದಿನದ್ದು."

"ಬಂತ ನೋಡು" ಎಂದರು ಸಾವಂತ್ರವ್ವ, ಕಣ್ಣು ಮುಚ್ಚಿಕೊಂಡೇ. "ಈಗ ಬೂದಿ ಹೇಳು."